ಸಿದ್ದಲಿಂಗನ ಪಾಳಿ

ಇದು ನನ್ನ ಚಿಕ್ಕಮ್ಮನ ಮಗಳು ಉಜ್ವಲಾಗೆ ಆದದ್ದು. ಕಟ್ಟುಕತೆ ಅನ್ನುವವರು ಈಗಲೇ ಎದ್ದು ಹೋಗಿ ಮಲಗಿಕೊಳ್ಳಿ.

ಆವತ್ತು ಭಾನುವಾರ. ರಾಯಬಾಗದಿಂದ ಬಂದ ಕೊನೆಯ ಬಸ್ಸು ಅವಳನ್ನು ಚಿಂಚಲಿ ರಸ್ತೆಗೆ ಇಳಿಸಿದಾಗ ಹನ್ನೊಂದೂವರೆ. ಅಲ್ಲಿಂದ ಮನೆಗೆ ಕಬ್ಬಿನ ನಡುವೆ ಕಾಲುದಾರಿ. ದಾರಿಯಲ್ಲಿ ಬಾವಿ...

ಆ ಬಾವಿಯದೇ ದಾವೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ಹಾಗೆ. ಅವಳ ಗಂಡ ಸಿದ್ದಲಿಂಗ ಇರುವತನಕ ಸೋಮವಾರ, ಗುರುವಾರ ಬಾವಿಯ ನೀರು ಅವನ ಪಾಳಿ. ಅವನು ಹಾವು ಕಡಿದು ಹೋದ. ತಿಂಗಳು ತುಂಬುವುದರೊಳಗೆ ಅವನ ಅಣ್ಣ ಮುರಗೆಪ್ಪ, ತಮ್ಮನಿಗೆ ಇಲ್ಲಿ ಪಾಳಿಯೇ ಇರಲಿಲ್ಲ ಅಂದುಬಿಟ್ಟ. ಪಾಳಿಗೆ ಕಾಗದ ಎಲ್ಲಿಯದು? ಹಿರಿಯರು ಬಾಯಲ್ಲಿ ಹೇಳಿಹೋದದ್ದು. ಆದರೆ ನೀರಿಲ್ಲದೆ ಉಜ್ವಲಾಳ ಎರಡೆಕರೆ ಕಬ್ಬು ಬರೀ ಸೌದೆ.

ಬಾವಿಯ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಇತ್ತು. ಒಳಗೆ ಸಿಮ್ಮು ಹಾಕಿದ ಡಬ್ಬಿ. ಮನೆಯಲ್ಲಿ ಕೂತು ಅದಕ್ಕೆ ಫೋನ್ ಹಚ್ಚಿದರೆ ಮೋಟಾರು ಚಾಲೂ ಆಗಿ, ಮರಳಿ ಮೆಸೇಜು ಬರುತ್ತಿತ್ತು. ಸಿದ್ದಲಿಂಗನ ಫೋನಿನಲ್ಲಿ ಆರು ವರ್ಷದ ಮೆಸೇಜಿದ್ದವು, ಎಲ್ಲವೂ ಸೋಮವಾರ, ಗುರುವಾರದವು. ಹುಚ್ಚು ಹುಡುಗಿ, ದಾವೆ ಹೂಡುವ ಮುಂಚೆಯೇ ಆ ಫೋನನ್ನು ಮಗಳ ಪಾಠಕ್ಕೆ ಕೊಡಲೆಂದು ಆಸಿಫನ ಮೊಬೈಲ್ ಅಂಗಡಿಯಲ್ಲಿ ಪೂರಾ ಅಳಿಸಿಸಿದ್ದಳು. ಸಿಮ್ಮನ್ನು ಮುರಿದು, ಮಣ್ಣು ಮಾಡುವಾಗಲೇ ಗಂಡನ ಜೊತೆ ಕುಣಿಗೆ ಹಾಕಿದ್ದಳು.

ಇನ್ನು ಉಳಿದದ್ದು ಡಬ್ಬಿಯೊಂದೇ. ಗಂಡ ಸತ್ತ ಮೇಲೆ ಮುರಗೆಪ್ಪ ಬೇರೆ ತಂತಿ ಎಳೆದುಕೊಂಡು ಸ್ವಿಚ್ಚಿನಿಂದ ಮೋಟಾರು ಓಡಿಸುತ್ತಿದ್ದ, ಹಾಗಾಗಿ ಡಬ್ಬಿ ವರ್ಷದಿಂದ ಸುಮ್ಮನಿತ್ತು. ವಕೀಲ ತಾತ್ಯಾಸಾಹೇಬರು ಆ ಸಂಜೆ ಹೇಳಿದ್ದು ಅದನ್ನೇ.

"ಕಡೇ ನೂರು ಫೋನ ನಂಬರು, ತಾರೀಖು ಸಮೇತ ಅದರಾಗ ಉಳದಿರ್ತಾವ. ಹೊಸಾದೊಂದು ಬಂದ್ರ ಹಳೇದೊಂದು ಹೋತು. ನಾಳೆ ಮುಂಜಾನೆ ಕೋರ್ಟಿನ ಕಮಿಷನರ್ ಬಂದು ಇಬ್ಬರ ಎದುರಿಗೇ ನೋಡ್ತಾರ. ಅಲ್ಲೀತನಕ ಮುಟ್ಟಬ್ಯಾಡ ಮಗಳ. ಮುಟ್ಟಿದ್ರ, ಪುರಾವೆ ನೀನ ಕೆಡಿಸಿದಿ ಅಂತಾರ."

ಅವಳು ಬಾವಿ ದಾಟುವ ಹೊತ್ತಿಗೆ ಹನ್ನೆರಡು. ತ್ರೀಫೇಸ್ ಕರೆಂಟು ಬಂತು. ಕಬ್ಬಿನ ಗರಿ ಅಲುಗುತ್ತಿರಲಿಲ್ಲ.

ಟ್ರಿಣ್... ಟ್ರಿಣ್...

ಠಕ್.

"ಮೋಟಾರ್ ಚಾಲೂ ಆಗಿದೆ," ಅಂತು ಡಬ್ಬಿ, ಯಂತ್ರದ ಹೆಣ್ಣು ದನಿಯಲ್ಲಿ.

ಗುಂಯ್ ಅಂತ ಮೋಟಾರು. ಪೈಪಿನ ಬಾಯಲ್ಲಿ ಗೊಳಕ್... ಗೊಳಕ್... ಆಮೇಲೆ ಠಕ್ ಅಂತ ಬಂದ್. ಮತ್ತೆ ಟ್ರಿಣ್.

ಸದ್ದಿಗೆ ಮುರಗೆಪ್ಪ ಬ್ಯಾಟರಿ ಹಿಡಿದು ಓಡಿ ಬಂದ. ಅವಳನ್ನು ಕಂಡು ದನಿ ಇಳಿಸಿದ. "ನೀ ಹಚ್ಚಾಕತ್ತೀಯೇನ?"

"ನನ್ನ ಕೈಯಾಗ ಫೋನ ಎಲ್ಲೈತ್ರಿ ಭಾವಾರ..."

ಅವನು ಡಬ್ಬಿಯ ಸಣ್ಣ ಪರದೆಗೆ ಬೆಳಕು ಬಿಟ್ಟ. ಸಿದ್ದಲಿಂಗನ ನಂಬರು.

"ಕಿತ್ತ ಒಗಿ ಅದನ್ನ," ಅಂದ, ಪಿಸುಗುಟ್ಟಿ.

ಅವಳು ಕೈ ಚಾಚಿದಳು. ವಕೀಲರ ಮಾತು ನೆನಪಾಯಿತು. ಕೈ ಹಿಂದೆ ತೆಗೆದಳು. ಮುಟ್ಟಿದರೂ ಕೆಟ್ಟಳು, ಬಿಟ್ಟರೂ ಕೆಟ್ಟಳು. ಅಯ್ಯೋ, ಯಾವ ಹೆಣ್ಣಿಗೂ ಅಂಥ ರಾತ್ರಿ ಬೇಡ. ಡಬ್ಬಿಯ ಹತ್ತಿರ ಬಾಯಿ ಒಯ್ದಳು.

"ಸಾಕ್ರಿ... ಬ್ಯಾಡ್ರಿ... ನಿಮ್ಮ ಹಳೇವು ಅಳಿಸಿ ಹೊಂಟಾವ..."

ಟ್ರಿಣ್. ಠಕ್. "ಮೋಟಾರ್ ಚಾಲೂ ಆಗಿದೆ."

ಮುರಗೆಪ್ಪ ಚಪ್ಪಲಿ ಬಿಟ್ಟು ಓಡಿದ. ಅವಳು ಅಲ್ಲೇ ಕೂತು ಎಣಿಸಿದಳು. ಬೆಳ್ಳಿ ಮೂಡುವ ಹೊತ್ತಿಗೆ ನೂರಕ್ಕೆ ನಿಂತಿತು. ಆಗ ಅವಳಿಗೆ ಹೊಳೆಯಿತು. ಸತ್ತು ಐವತ್ತು ವಾರ, ವಾರಕ್ಕೆ ಎರಡು ಪಾಳಿ. ತಪ್ಪಿದ್ದನ್ನೆಲ್ಲ ಒಂದೇ ರಾತ್ರಿ ತೀರಿಸಿದ್ದ. ಬದುಕಿದ್ದಾಗಲೂ ಅವನು ಹೆಂಡತಿಯ ಹೊಲ ಒಣಗಲು ಬಿಟ್ಟವನಲ್ಲ.

ಮುಂಜಾನೆ ಕಮಿಷನರು ತೆರೆದು ನೋಡಿದರು. ಇದ್ದದ್ದು ನೂರು ಫೋನು, ನೂರೂ ಸಿದ್ದಲಿಂಗನ ನಂಬರಿನವು, ನೂರೂ ನಿನ್ನೆ ರಾತ್ರಿಯವು. ಹಳೆಯದು ಒಂದೂ ಇಲ್ಲ. ಸತ್ತವನ ನಂಬರಿನಿಂದ ಫೋನ್ ಹಚ್ಚಿದವರು ಯಾರು ಅಂತ ಕೇಳಿದರು. ಉಜ್ವಲಾ ಭಾವನ ಮುಖ ನೋಡಿದಳು.

"ಇಕೀನ ಏನರೆ ಮಾಡಿಸ್ಯಾಳ್ರಿ," ಅಂದ ಮುರಗೆಪ್ಪ. "ನಾ ಮನ್ಯಾಗ ಮಲಗಿದ್ದೆ." ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವು ಬಾವಿಯ ದಂಡೆಯ ಮೇಲೇ ಬಿದ್ದಿದ್ದವು, ಯಾರೂ ನೋಡಲಿಲ್ಲ.

ಉಜ್ವಲಾಳ ದಾವೆ ಬಿದ್ದುಹೋಯಿತು. ಸುಳ್ಳು ಪುರಾವೆ ಹುಟ್ಟಿಸಿದವಳು ಅಂತ ಹೆಸರೂ ಬಂತು. ಕಬ್ಬು ಒಣಗಿತು. ಈಗ ಅವಳು ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಾಳೆ.

ಡಬ್ಬಿ ಕೋರ್ಟಿನ ಕಪಾಟಿನಲ್ಲಿದೆ. ಸಿಮ್ಮು ತೆಗೆದು, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿದ್ದಾರೆ. ಅಲ್ಲಿ ಕಾಗದಪತ್ರ ನೋಡಿಕೊಳ್ಳುವ ಸಮ್ಮೇದ ನನ್ನ ಜೊತೆ ಓದಿದವನು, ಸುಳ್ಳಾಡುವವನಲ್ಲ. ಸೋಮವಾರ, ಗುರುವಾರ ಬಾಗಿಲು ತೆಗೆದರೆ ಅದರ ಕೆಳಗಿನ ಫೈಲುಗಳು ನೆನೆದಿರುತ್ತವೆ ಅಂದ. ನಂಬದೆ, ಹೋದ ಗುರುವಾರ ನಾನೇ ಹೋಗಿ ಮುಟ್ಟಿ ನೋಡಿದೆ, ಇದೇ ಕೈಯಿಂದ.

ಮುದ್ರೆ ಒಡೆದಿರಲಿಲ್ಲ. ಬಟ್ಟೆ ಒದ್ದೆಯಾಗಿತ್ತು. ಉಜ್ವಲಾಗೆ ಇನ್ನೂ ಹೇಳಿಲ್ಲ.