ಎರಡು ಫರ್ಲಾಂಗಿಗೆ ಹದಿನೆಂಟು ಲಾಳಿ

ದಿನಾಂಕ 7-3-1966, ಸೋಮವಾರ, ಬೆಳಿಗ್ಗೆ 10 ಗಂಟೆ 15 ನಿಮಿಷ.

ನನ್ನ ಹೆಸರು ರುದ್ರಾಣಿ ಕೋಂ ಲೇಟ್ ವೆಂಕಟಸ್ವಾಮಿ, ವಯಸ್ಸು 47 ವರ್ಷ, ಕಸುಬು ರೇಷ್ಮೆ ಸೀರೆ ನೇಯುವುದು, ವಾಸ ನೇಕಾರರ ಬೀದಿ, ಕೊಳ್ಳೇಗಾಲ ಟೌನು. ಠಾಣೆಗೆ ಬರಹೇಳಿದ್ದರಿಂದ ಮಗ್ಗ ನಿಲ್ಲಿಸಿ ಬಂದು, ಹೆಡ್ ಕಾನ್‌ಸ್ಟೇಬಲ್ ಚೌಡಯ್ಯನವರ ಮುಂದೆ ಹೇಳಿ ಬರೆಸುವುದೇನೆಂದರೆ:

ನಾನು ಮೂವತ್ತೊಂದು ವರ್ಷದಿಂದ ಮಗ್ಗದಲ್ಲಿ ಕೂರುತ್ತಿದ್ದೇನೆ. ನನ್ನ ಮನೆಯ ಪಡುವಣ ಗೋಡೆಗೆ ಹೊಂದಿಕೊಂಡಂತೆ ಮಹದೇವು ಎಂಬುವನ ಶೆಡ್ಡು ಇದೆ. ಅವನ ವಯಸ್ಸು ಸುಮಾರು 30. 1939ನೇ ಇಸವಿಯ ಎಂಟು ಸಿಲಿಂಡರಿನ ಫೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿ ಜೀವನ ಮಾಡುತ್ತಾನೆ. ಬೇರೆ ಕಸುಬಿಲ್ಲ, ಜಮೀನಿಲ್ಲ. ಬಾಡಿಗೆ ಇಲ್ಲದ ದಿನ ಹಿಂದಿನ ಸೀಟು, ಮಡ್‌ಗಾರ್ಡು, ಸ್ಟೆಪ್ನಿ ಎಲ್ಲ ಬಿಚ್ಚಿ ನನ್ನ ಗೋಡೆಗೆ ಒರಗಿಸಿ ಎಂಜಿನ್ ಓಡಿಸುತ್ತಾನೆ. ಯಾಕೆಂದು ಕೇಳಿದ್ದಕ್ಕೆ, ಗಾಡಿ ಹಗುರವಾದಷ್ಟೂ ಹಾರುತ್ತದೆಂದು ಹೇಳಿದ. ಅವನ ಗದ್ದಲಕ್ಕೆ ತಲೆ ಕೆಟ್ಟು ನಾನು ಎಷ್ಟೋ ಸಲ ಬೈದದ್ದುಂಟು.

ದಿನಾಂಕ 22-2-1966ರ ಮಧ್ಯಾಹ್ನ ಸುಮಾರು 3 ಗಂಟೆಗೆ ಆ ಎಂಜಿನ್ನಿನ ಸದ್ದಿನಲ್ಲಿ ಒಂದು ಕುಂಟು ಇರುವುದು ಗೋಡೆಯಾಚೆಯಿಂದ ನನ್ನ ಕಿವಿಗೆ ಬಿತ್ತು. ಮಗ್ಗದ ಸದ್ದು ಒಂದಿಷ್ಟು ತಪ್ಪಿದರೂ ಹಿಡಿಯುವ ಕಿವಿ ಇದು. ಎದ್ದು ಹೋಗಿ, "ಲೇ ಮಹದೇವು, ನಿನ್ ಗಾಡಿ ಕುಂಟ್ತಾ ಅದೆ ಕಣ್ಲಾ" ಎಂದೆ. ಅವನು ನಕ್ಕ. ಆಮೇಲೆ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದರೆ ಬಲಗಡೆಯ ಮೂರನೆಯದು ಸರಿಯಾಗಿ ಹೊತ್ತುತ್ತಿರಲಿಲ್ಲ. ಅಂದಿನಿಂದ ಎಂಜಿನ್ ಓಡಿಸಿದಾಗಲೆಲ್ಲ "ಅಕ್ಕಾ, ವಸಿ ಕೇಳು" ಎಂದು ಕೂಗುತ್ತಿದ್ದ. ದಿನಾಂಕ 3-3-1966ರಂದು ಕುಂಟು ಪೂರ್ತಿ ಹೋಯಿತು.

ಮಾರನೇ ದಿನ ಕಾಮಗೆರೆಯ ವೃಷಭೇಂದ್ರಪ್ಪನವರು, ಜಮೀನುದಾರರು, ರೇಷ್ಮೆಗೂಡಿನ ವ್ಯಾಪಾರವೂ ಉಂಟು, ತಮ್ಮ ಹೊಸ ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿ, ಈ ಹಳೇ ತಗಡು ತಮ್ಮ ಗಾಡಿಯ ಧೂಳು ಕುಡಿಯುವುದಕ್ಕೂ ಲಾಯಕ್ಕಿಲ್ಲವೆಂದರು. ಭಾನುವಾರ ನೋಡೇಬಿಡೋಣವೆಂದು ಮಹದೇವು ಹೇಳಿದ. ಪಣವೇನೂ ಇರಲಿಲ್ಲ. ಗೆದ್ದವರು ಯಾರೆಂದು ನಾನು ಹೇಳಬೇಕೆಂದು ಇಬ್ಬರೂ ಒಪ್ಪಿದರು.

ದಿನಾಂಕ 6-3-1966 ಭಾನುವಾರ ಮೊದಲ ಬಸ್ಸಿನಲ್ಲಿ ಹೋಗಿ, ಬೆಳಿಗ್ಗೆ ಸುಮಾರು 6 ಗಂಟೆ 20 ನಿಮಿಷಕ್ಕೆ ಹನೂರು ರಸ್ತೆಯ ನಾಲ್ಕನೇ ಮೈಲಿಯಲ್ಲಿ ಇಳಿದೆ. ಅಲ್ಲಿ ರಸ್ತೆ ನೇರವಾಗಿದೆ. ಎರಡನೇ ಫರ್ಲಾಂಗ್ ಕಲ್ಲಿನಿಂದ ನಾಲ್ಕನೇ ಫರ್ಲಾಂಗ್ ಕಲ್ಲಿನವರೆಗೆ, ಅಂದರೆ 440 ಗಜ ಓಟ. ಮುಂದಿನ ಬಸ್ಸು ಏಳೂವರೆಗೆ. ರಸ್ತೆಯಲ್ಲಿ ಜನ, ದನ ಇರಲಿಲ್ಲ. ನಾನು ನಾಲ್ಕನೇ ಕಲ್ಲಿನ ಬಳಿ ಕೆಂಪು ರೇಷ್ಮೆ ನೂಲಿನ ಒಂದು ತುದಿಯನ್ನು ಆಚೆ ಬದಿಯ ಹುಣಸೆ ಮರಕ್ಕೆ ಕಟ್ಟಿ, ರಸ್ತೆಗೆ ಅಡ್ಡಲಾಗಿ ಸೊಂಟದೆತ್ತರಕ್ಕೆ ಎಳೆದು, ಇನ್ನೊಂದು ತುದಿಯನ್ನು ಎಡಗೈ ಬೆರಳಲ್ಲಿ ಹಿಡಿದು, ರಸ್ತೆಯಂಚಿನಿಂದ ಆರು ಅಡಿ ದೂರ ನಿಂತೆ. ಯಾರ ಕಾರು ನೂಲನ್ನು ಹೊತ್ತೊಯ್ಯುತ್ತದೋ ಅವರು ಗೆದ್ದಂತೆ.

ಸುಮಾರು ಆರೂಮುಕ್ಕಾಲಿಗೆ, ಎರಡನೇ ಕಲ್ಲಿನ ಬಳಿ ನಿಂತಿದ್ದ ವೃಷಭೇಂದ್ರಪ್ಪನವರ ಕಡೆಯ ದೊಡ್ಡಮಾದಯ್ಯ ಎಂಬುವರು ಬಿಳಿ ಟವಲ್ಲನ್ನು ಎತ್ತಿ ನೆಲಕ್ಕೆ ಒಗೆದರು. ಆಗಿನಿಂದ ನಾನು ಎಣಿಸಿದೆ. ನನ್ನ ಎಣಿಕೆ ಲಾಳಿಯ ಎಣಿಕೆ. ಮಗ್ಗದಲ್ಲಿ ಸೆಕೆಂಡಿಗೆ ಒಂದು ಸಲ ನೂಲಿನ ಲಾಳಿಯನ್ನು ಈ ಬದಿಯಿಂದ ಆ ಬದಿಗೆ ಓಡಿಸುತ್ತೇನೆ. ಅಲ್ಲಿ ಮಗ್ಗವಿಲ್ಲದಿದ್ದರೂ ಬಲಗೈ ತಾನಾಗಿ ಆಡುತ್ತಿತ್ತು.

ಮೊದಲ ಲಾಳಿಗೆ ಸದ್ದೇ ಇರಲಿಲ್ಲ. ಟವಲ್ಲು ಬಿದ್ದದ್ದು ಕಂಡಿತು, ಹಿಂದೆ ಧೂಳು ಎದ್ದದ್ದು ಕಂಡಿತು. ಸದ್ದು ಎರಡನೇ ಲಾಳಿಗೆ ಬಂದು ಎದೆಗೆ ಬಡಿಯಿತು. ಆರನೇ ಲಾಳಿಯವರೆಗೆ ಹೊಸ ಕಾರು ಮುಂದಿತ್ತು. ಒಂಬತ್ತಕ್ಕೆ ಎರಡೂ ಸಮಸಮ. ಹತ್ತಕ್ಕೆ ಮಹದೇವು ಗೇರು ಬದಲಿಸಿದ. ಶಿವಶಿವಾ! ಎಂಟೂ ಸಿಲಿಂಡರಿನ ಸದ್ದು ಸೇರಿ ಒಂದೇ ಎಳೆಯಾಗಿ, ಎಲ್ಲೂ ಗಂಟಿಲ್ಲದೆ ಎಳೆದುಕೊಂಡು ಬಂತು. ನನ್ನ ಗೋಡೆಯಾಚೆ ಕೆಮ್ಮುತ್ತಿದ್ದ ಮುದಿ ಗಾಡಿ ಇದೇನಾ ಎಂದು ಬೆರಗಾದೆ. ಕಾಲಡಿಯ ನೆಲ ಅದುರಿತು, ಮೈ ಜುಮ್ಮೆಂದಿತು. ಮನುಷ್ಯನ ಕೈ ಕೆಲಸ ಇಷ್ಟು ದೂರ ಹೋಗಬಹುದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಇದನ್ನು ಬರೆಯಬೇಕಾದ್ದಿಲ್ಲವೆಂದು ಚೌಡಯ್ಯನವರು ಹೇಳಿದರು. ಬರೆಯಲೇಬೇಕೆಂದು ಹೇಳಿದ್ದೇನೆ.

ಹದಿನೆಂಟನೇ ಲಾಳಿಗೆ ನೂಲು ಹೋಯಿತು. ಎಷ್ಟು ಸಣ್ಣ ಎಳೆ ಹರಿದರೂ ನನ್ನ ಬೆರಳಿಗೆ ತಿಳಿಯುತ್ತದೆ, ಈ ಸಲ ತಿಳಿಯಲೇ ಇಲ್ಲ. ಹೊಸ ಕಾರು ಇಪ್ಪತ್ತೊಂದನೇ ಲಾಳಿಗೆ ಬಂತು. ಯಾರಿಗೂ ಪೆಟ್ಟಾಗಲಿಲ್ಲ. ಫೋರ್ಡಿನ ರೇಡಿಯೇಟರಿನ ಜಾಲರಿಗೆ ಸಿಕ್ಕಿದ್ದ ಒಂದೂಕಾಲು ಗಜ ಕೆಂಪು ನೂಲನ್ನು ಬಿಡಿಸಿ ತಂದು ಹಾಜರುಪಡಿಸಿದ್ದೇನೆ.

ಅದೇ ದಿನ 11 ಗಂಟೆಗೆ ವೃಷಭೇಂದ್ರಪ್ಪನವರು ಠಾಣೆಗೆ ಬಂದು, ತಮ್ಮ ಪಾಡಿಗೆ ತಾವು ಹೋಗುತ್ತಿದ್ದಾಗ ಮಹದೇವು ಜೀವಕ್ಕೆ ಅಪಾಯವಾಗುವಷ್ಟು ವೇಗವಾಗಿ ಹಿಂದಿನಿಂದ ಬಂದು ದಾಟಿಹೋದನೆಂದು ದೂರು ಬರೆದುಕೊಟ್ಟಿದ್ದಾರಂತೆ. ಪಂದ್ಯದ ಮಾತು ಎತ್ತಿಲ್ಲ. ವೇಗ ರುಜುವಾತಾದರೆ ಮಹದೇವುವಿನ ಲೈಸೆನ್ಸು ಹೋಗುತ್ತದೆ, ಅದರ ಜೊತೆ ಅವನ ಅನ್ನವೂ. ಆದ್ದರಿಂದ ಮೂವತ್ತು ಮೈಲಿ ವೇಗವಿತ್ತೆಂದು ಹೇಳಿಬಿಡುವಂತೆ ನಮ್ಮ ಬೀದಿಯವರು ನನಗೆ ಹೇಳಿ ಕಳಿಸಿದ್ದರು. ನಾನೂ ಹಾಗೇ ಹೇಳಬೇಕೆಂದು ಬಂದವಳು.

ಆದರೆ ಗಡಿಯಾರವಿಲ್ಲದೆ ಹೆಂಗಸು ಏನು ಎಣಿಸಿರುತ್ತಾಳೆಂದು ಚೌಡಯ್ಯನವರು ಅಂದರು. ನನಗೆ ರೇಗಿತು. ಠಾಣೆಯ ಗಡಿಯಾರ ನೋಡಿಕೊಳ್ಳಿರೆಂದು ಹೇಳಿ, ಅದಕ್ಕೆ ಬೆನ್ನು ಮಾಡಿ ಕುಳಿತು ಅರವತ್ತು ಲಾಳಿ ಎಣಿಸಿದೆ. ಸೆಕೆಂಡಿನ ಮುಳ್ಳು ಸರಿಯಾಗಿ ಒಂದು ಸುತ್ತು ಮುಗಿಸಿತ್ತು. ಚೌಡಯ್ಯನವರು ಲೇಖನಿಯನ್ನು ಮತ್ತೆ ಮಸಿಗೆ ಅದ್ದಿದರು. ಆಮೇಲೆ ಓಟದ್ದು ಎಷ್ಟು ಲಾಳಿಯೆಂದು ಮೆಲ್ಲಗೆ ಕೇಳಿದರು. ಹದಿನೆಂಟು ಮತ್ತು ಇಪ್ಪತ್ತೊಂದು ಎಂದು ಬಾಯಿಗೆ ಬಂದುಹೋಯಿತು.

ಅಷ್ಟರಲ್ಲಿ ಬೆಂಚಿನ ಮೇಲಿದ್ದ ವೃಷಭೇಂದ್ರಪ್ಪನವರು ಎದ್ದು ನಿಂತು, "ನಂದು ಇಪ್ಪತ್ತೊಂದಾ? ಇಪ್ಪತ್ತೇ ಇರ್ಬೇಕು, ಸರ್‍ಯಾಗಿ ನೆನ್ಪು ಮಾಡ್ಕಳಮ್ಮ" ಎಂದರು. ಎಂದ ಮೇಲೆ ಮುಖ ಒರೆಸಿಕೊಂಡು ಕುಳಿತರು. ಇಪ್ಪತ್ತೊಂದೇ.

ಚೌಡಯ್ಯನವರು ಲೆಕ್ಕ ಹಾಕಿ, ಹದಿನೆಂಟೆಂದರೆ ನಿಂತಲ್ಲಿಂದ ಹೊರಟು ಗಂಟೆಗೆ ಸರಾಸರಿ ಐವತ್ತು ಮೈಲಿ, ಕೊನೆಯಲ್ಲಿ ಇನ್ನೂ ಜಾಸ್ತಿ, ವೃಷಭೇಂದ್ರಪ್ಪನವರ ಮೇಲೂ ಕೇಸಾಗುತ್ತದೆ, ಆದರೂ ಮಹದೇವುವಿನ ಲೈಸೆನ್ಸು ಉಳಿಯುವುದಿಲ್ಲವೆಂದು ಹೇಳಿದರು. ಎಣಿಕೆ ತಪ್ಪಿತೆಂದು ಬೇಕಾದರೆ ಈಗಲೂ ಬರೆಯುತ್ತೇನೆಂದರು. ನಾನು ಹೊರಗೆ ಹೋದೆ. ಮಹದೇವು ಠಾಣೆಯ ಬೇವಿನ ಮರದ ಕೆಳಗೆ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. "ತಪ್ಪಾಯ್ತು ಕಣ್ಲಾ, ನಿಜ ಹೇಳ್ಬುಟ್ಟೆ. ಮೂವತ್ತು ಮೈಲಿ ಅಂತ ತಿದ್ದಿಸ್ತೀನಿ" ಎಂದೆ.

ಅದಕ್ಕೆ ಅವನು, "ಬ್ಯಾಡ ಕಣಕ್ಕ. ಲೈಸನ್ಸ್ ಓಗ್ಲಿ ಬುಡು, ಕೂಲಿ ಮಾಡ್ಕಂಡು ತಿಂತೀನಿ. ಅದು ಓಡಿದ್ದ ಎಣ್ಸಿರೋಳು ನೀನೊಬ್ಳೇ. ನೀನೇ ಸುಳ್ ಬರ್ಸ್‌ಬುಟ್ರೆ ಅದು ಓಡ್ನೇ ಇಲ್ಲ ಅಂದಂಗಾಯ್ತದೆ" ಎಂದ. ನಾನು ಒಳಗೆ ಬಂದು 18, ಹದಿನೆಂಟು, ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿದೆ.

ಇದನ್ನೆಲ್ಲ ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲ. ಮಹದೇವು ಒಳಗೆ ಬಂದು ಅಂಗಿಯ ಜೇಬಿನಿಂದ ಲೈಸೆನ್ಸು ತೆಗೆದು ಮೇಜಿನ ಮೇಲೆ ಇಟ್ಟಿದ್ದಾನೆ. ಆ ಜೇಬಿನಲ್ಲಿ ಇಟ್ಟುಕೊಳ್ಳಲು ಈ ಹೇಳಿಕೆಯ ನಕಲೊಂದು ಬೇಕೆಂದು ಕೇಳುತ್ತಿದ್ದಾನೆ. ದಯವಿಟ್ಟು ಕೊಡಿಸಬೇಕು.

ಸ್ಥಳ: ಕೊಳ್ಳೇಗಾಲ
ದಿನಾಂಕ: 7-3-1966
(ಸಹಿ) ರುದ್ರಾಣಿ
ನನ್ನ ಮುಂದೆ: (ಸಹಿ) ಚೌಡಯ್ಯ, ಹೆಡ್ ಕಾನ್‌ಸ್ಟೇಬಲ್