ಊರಿನ ಪಂಡಿತರಿಗೆ ಕಾದ ಕಾಲು

ಏಪ್ರಿಲ್ ಕೊನೆಯ ವಾರ. ಮುಂಬಯಿ ಪಕ್ಕದ ಕೋಪರಿಯ ಒಂದು ಆಸ್ಪತ್ರೆಯಲ್ಲಿ ನಾನು ಅಮ್ಮನ ರಿಪೋರ್ಟಿಗಾಗಿ ಕಾಯುತ್ತಿದ್ದೆ. ಎದುರಿಗೆ ಗಾಲಿಕುರ್ಚಿಯಲ್ಲಿ ಐವತ್ತು ದಾಟಿದ ಒಬ್ಬರು, ಎಡಗಾಲಿಗೆ ದಪ್ಪ ಬ್ಯಾಂಡೇಜು. ಪಕ್ಕದಲ್ಲಿ ಅವರ ಅಕ್ಕ, ಕೈಯಲ್ಲಿ ಆಪರೇಷನ್ನಿನ ಒಪ್ಪಿಗೆ ಪತ್ರ.

“ಸಹಿ ಹಾಕು ಜಯಶೀಲ.”

“ಮೊಣಕಾಲಿನ ಕೆಳಗೆ ಪೂರ್ತಿ ತೆಗೀತಾರಂತೆ ಅಕ್ಕ.”

“ಇವತ್ತು ತೆಗೀದಿದ್ರೆ ನಂಜು ಏರಿ ಜೀವವೇ ಹೋಗ್ತದೆ ಅಂದ್ರಲ್ಲ, ಕೇಳ್ಲಿಲ್ವಾ?”

“ಜನವರಿಯಲ್ಲಿ ಬೆರಳಿಗೆ ಒಂದು ಗುಳ್ಳೆ, ಅಷ್ಟೇ ಇದ್ದದ್ದು.”

“ಆಗಲೇ ತೋರಿಸು ಅಂದೆ. ಮೇ ತಿಂಗಳಲ್ಲಿ ಊರಿಗೆ ಹೋಗ್ಲಿಕ್ಕುಂಟು, ಅಲ್ಲಿಯ ನಾಟಿ ಪಂಡಿತರ ಎಣ್ಣೆ ಹಚ್ಚಿದ್ರೆ ಸಾಕು ಅಂದಿ. ಶುಗರ್ ಇರುವವನ ಗಾಯ ನಿನ್ನ ರೈಲಿಗೆ ಕಾಯ್ತದಾ?”

“ಟಿಕೆಟ್ ಕನ್ಫರ್ಮ್ ಆಗಿತ್ತು.”

“ದೊಡ್ಡ ಸಾಧನೆ! ಇಲ್ಲಿಯ ಡಾಕ್ಟ್ರೆಲ್ಲ ಕಳ್ಳರು ಅಂತ ನಿನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳಿಗೆ ಭಾಷಣ ಬೇರೆ.”

“ನೋವೇ ಇರ್ಲಿಲ್ಲ ಅಕ್ಕ.”

“ಶುಗರಿನವರಿಗೆ ನೋವು ಗೊತ್ತಾಗದ್ದೇ ರೋಗ ಮಾರಾಯ. ಮನೆ ಇಡೀ ನಾತ, ನಿನ್ನ ಮೂಗಿಗೆ ಎಂತ ಆಗಿತ್ತು?”

ಅವರು ಅಕ್ಕ ಕೊಟ್ಟ ಪತ್ರವನ್ನು ತೊಡೆಯ ಮೇಲಿಟ್ಟು ನಿಧಾನವಾಗಿ ಸಹಿ ಹಾಕಿದರು. ನರ್ಸ್ ಬಂದು ಕುರ್ಚಿಯನ್ನು ಲಿಫ್ಟಿನ ಕಡೆಗೆ ತಿರುಗಿಸಿದಳು.

“ಅಕ್ಕ, ಊರಿನವರು ಕೇಳಿದ್ರೆ ಲಾರಿ ಗುದ್ದಿತು ಅಂತ ಹೇಳು.”

“ಹೇಳ್ತೇನೆ,” ಎಂದು ಅಕ್ಕ ಚೀಲ ಎತ್ತಿಕೊಂಡು ಹಿಂದೆಯೇ ನಡೆದರು. “ಲಾರಿ ನಾಲ್ಕು ತಿಂಗಳು ಹಾರನ್ ಹೊಡೀತಾ ಬಂತು, ಇವ ರಸ್ತೆ ಬಿಟ್ಟು ಏಳ್ಲಿಲ್ಲ ಅಂತಲೂ ಹೇಳ್ತೇನೆ.”