ಹೊಲದ ತಗಡಿನ ಫ್ಯಾನು

ಲೈಟ್ ಆರಿಸಬೇಡಿ, ಇರಲಿ. ಇದು ಯಾರೋ ಹೇಳಿ ಕೇಳಿದ್ದಲ್ಲ... ನಮ್ಮೂರು ಮಿಡಿಗೇಶಿಯ, ನನ್ನ ದೊಡ್ಡಪ್ಪನ ಮಗ ಚಿಕ್ಕನರಸಯ್ಯನಿಗೇ ಆದದ್ದು.

ಹೋದ ಆಷಾಢ. ಮಧುಗಿರಿಯಿಂದ ಕಡೇ ಬಸ್ಸಿಗೆ ಬಂದು ಇಳಿದ. ಹಾಳುಬಾವಿ ದಾಟಿ ಒಬ್ಬನೇ ನಡೆದು ಬರುತ್ತಿದ್ದ. ಭರ್ರೋ ಅಂತ ಗಾಳಿ. ಅಂಥ ಗಾಳಿಯಲ್ಲೂ ಅವನ ಹೊಲದ ಫ್ಯಾನು ಸುಮ್ಮನಿತ್ತು... ಅವನ ಸಂಕಟ ಅದೇ.

ಕಡ್ಲೇಕಾಯಿಗೆ ಹಂದಿ, ನವಿಲು ಬರದಿರಲಿ ಅಂತ ಆ ಫ್ಯಾನು ಮಾಡಿದ್ದು ಅವನ ಮಗಳು ರಕ್ಷಾ. ಗಾಳಿಗೆ ತಿರುಗಿದರೆ ಹಿಂದಿನ ನಟ್ಟು ಸ್ಟೀಲ್ ತಟ್ಟೆಗೆ ಬಡಿದು ಟಣ್ ಟಣ್ ಅನ್ನುತ್ತಿತ್ತು. ವಿಮಾನ ರಿಪೇರಿ ಓದುತ್ತಿದ್ದ ಹುಡುಗಿ. ತಗಡಿನ ರೆಕ್ಕೆಗಳನ್ನು ವಿಮಾನದ ಪ್ರೊಪೆಲರ್ ಥರಾನೇ ತಿರುಚಿದ್ದಳು, ನಡುವೆ ಜಾಸ್ತಿ, ತುದಿಗೆ ಬರುತ್ತಾ ಕಮ್ಮಿ. “ತುದಿ ಜೋರಾಗಿ ಓಡ್ತದೆ ಕಣಪ್ಪ. ಎಲ್ಲಾ ಕಡೀಕೂ ಗಾಳಿ ಒಂದೇ ಓರೆಗೆ ಸಿಗ್ಬೇಕು” ಅನ್ನುತ್ತಿದ್ದಳು. ಆಮೇಲೆ ಹಾಸ್ಟೆಲಿನಲ್ಲಿ ಡೆಂಗಿ ಜ್ವರ ಬಂತು. ಮನೆಗೆ ಬಂದದ್ದು ಹೆಣ.

ಅವಳು ಹೋದಮೇಲೆ ಆ ಟಣ್ ಟಣ್ ಕೇಳಿಸಿದರೇನೇ ಅಪ್ಪನಿಗೆ ನಿದ್ದೆ. ಇನ್ನೂ ಜೋರಾಗಿ ಬಡೀಲಿ ಅಂತ ಒಂದಿನ ರೆಕ್ಕೆಗಳನ್ನೆಲ್ಲ ಬಗ್ಗಿಸಿ ಅಗಲಕ್ಕೆ ಗಾಳಿಗೆ ಒಡ್ಡಿಬಿಟ್ಟ. ಗಾಳಿ ಹೆಚ್ಚು ಸಿಕ್ಕರೆ ಹೆಚ್ಚು ತಿರುಗುತ್ತೆ ಅಂತ ಅವನ ಲೆಕ್ಕ. ಫ್ಯಾನು ಗಡಗಡ ನಡುಗಿ ನಿಂತೇಹೋಯ್ತು. ಮೊದಲಿನ ಓರೆ ಎಷ್ಟಿತ್ತೋ, ಎಷ್ಟು ಬಗ್ಗಿಸಿ ನೋಡಿದರೂ ಬರಲಿಲ್ಲ. “ನನ್ ಕೈಯಾರೆ ಮಗ್ಳ ಸದ್ದು ನಿಲ್ಸ್ಬುಟ್ಟೆ ಕಣ್ಲಾ” ಅಂತ ನನ್ನ ಮುಂದೆ ಅತ್ತಿದ್ದ.

ಅವತ್ತು ಆಲದ ಮರದ ಕೆಳಗೆ ಬಂದಾಗ... ಕಿರ್ರ್... ಕಿರ್ರ್... ತಗಡು ಬಗ್ಗಿಸುವ ಸದ್ದು. ನಿಂತ.

“ಅಪ್ಪಾ...” ಕಿವಿಯ ಪಕ್ಕದಲ್ಲೇ, ಪಿಸುಮಾತು. “ಅಗಲಕ್ಕೆ ಒಡ್ಡುದ್ರೆ ಗಾಳಿ ಬರೀ ತಳ್ತದೆ. ತಿರುಗ್ಸಲ್ಲ.”

“ಎಷ್ಟು ಓರೆ ಇಕ್ಬೇಕವ್ವಾ?”

“ಕೈ ಒಡ್ಡು.”

ಬಲಗೈ ಚಾಚಿದ. ಗಾಳಿ ಅಂಗೈಯನ್ನು ಹಿಂದಕ್ಕೆ ತಳ್ಳಿತು. ತಣ್ಣನೆಯ ಬೆರಳು ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸಿದವು... ಇನ್ನಷ್ಟು... ಇನ್ನಷ್ಟು... ತಟ್ಟನೆ ಕೈ ತಾನಾಗೇ ಮೇಲೆದ್ದಿತು.

“ಇಷ್ಟೇ ಅಪ್ಪಾ.”

“ಮನೇಗ್ ಬಾರವ್ವ... ನಿಮ್ಮವ್ವ ಉಂಡಿಲ್ಲ.”

ಆಲದೆಲೆ ಮಾತ್ರ ಪಟಪಟ ಅಂದವು.

ಕೈ ಹಂಗೇ ಹಿಡಕೊಂಡು ಹೊಲಕ್ಕೆ ಓಡಿದ. ಎಡಗೈಯಲ್ಲಿ ಒಂದೊಂದೇ ರೆಕ್ಕೆಯನ್ನು ಆ ಓರೆಗೆ ತಂದ. ಟಣ್... ಟಣ್... ಟಣ್ ಟಣ್ ಟಣ್. ನಾವು ಮನೆಯಲ್ಲಿ ಮಲಗಿದ್ದಲ್ಲೇ ಕೇಳಿದೆವು.

ಆ ಕೈ ಮಾತ್ರ ಅವತ್ತಿಂದ ಸೀದಾ ಆಗಿಲ್ಲ. ತುಮಕೂರಿನ ಡಾಕ್ಟ್ರು ಎಕ್ಸ್‌ರೇ ತೆಗೆಸಿದರು, ಮೂಳೆಗೆ ಏನೂ ಆಗಿಲ್ಲ. ತಿರುಗಿಸಿ ಸರಿಮಾಡ್ತೀನಿ ಅಂದರೆ, “ಬ್ಯಾಡಿ ಸ್ವಾಮಿ, ನನ್ ಮಗ್ಳು ಹಿಡ್ದಿರೋದು” ಅಂತ ಎದ್ದು ಬಂದ.

ನಂಬದಿದ್ದರೆ ಬಿಡಿ, ನಾನು ಕಣ್ಣಾರೆ ಕಂಡವನು. ಮೊನ್ನೆ ರಕ್ಷಾಳ ವರ್ಷದ ತಿಥಿಗೆ ನನ್ನ ಪಕ್ಕದ ಎಲೆಗೇ ಕೂತಿದ್ದ. ಎಡಗೈಯಲ್ಲಿ ಉಂಡ.